ಹನ್ನೆರಡು ನಿಮಿಷದ ತವರು

ಗೊಲ್ಲರಮರಡಿಯಿಂದ ಹೊರಟ ವಿಮಾನ ಹನ್ನೆರಡನೆಯ ನಿಮಿಷಕ್ಕೆ ತೆಂಕಣ ದ್ವೀಪದ ಹಿಮದ ನಡುವೆ ಬಂದಿಳಿಯಿತು. ಶಿರಾ ಸೀಮೆಯ ಆ ಬಯಲು ನಿಲ್ದಾಣಕ್ಕೂ ದಕ್ಷಿಣ ಸಾಗರದ ಈ ತುದಿಗೂ ನಡುವೆ ಒಂಬತ್ತು ಸಾವಿರ ಕಿಲೋಮೀಟರ್. ನಿನ್ನೆಯವರೆಗೆ ಎರಡು ಕಡೆ ವಿಮಾನ ಬದಲಿಸಿ ಹತ್ತೊಂಬತ್ತು ಗಂಟೆ ಪ್ರಯಾಣ ಮಾಡಬೇಕಿತ್ತು.

ಇದನ್ನು ಸಾಧಿಸಿದ್ದು ಡಾ. ವಾಗ್ದೇವಿಯವರ ಅಂತರಮಡಿಕೆ ಯಂತ್ರ. ದ್ವೀಪದ ಓಡುದಾರಿಯಲ್ಲಿ ಹಿಮ ತೆಗೆಯುವ ಗಾಡಿ ನಡೆಸುವ ಅನಸೂಯಳಿಗೆ ಅದರ ಮರ್ಮವನ್ನು ಅವರೇ ಒಮ್ಮೆ ತಿಳಿಸಿದ್ದರು.

"ಸೀರೆಯ ಎರಡು ತುದಿ ದೂರ ಇರುತ್ತೆ. ಮಡಿಸಿದರೆ ಒಂದರ ಮೇಲೊಂದು ಕೂರಲ್ವಾ? ಸೀರೆ ಗಿಡ್ಡ ಆಗಲಿಲ್ಲ, ತುದಿಗಳು ಹತ್ತಿರ ಬಂದವು ಅಷ್ಟೆ. ನಾವು ಆಕಾಶವನ್ನ ಹಾಗೆ ಮಡಿಸ್ತೀವಿ."

"ಹಂಗಾದ್ರೆ ಈ ಗೌರಿ ಹಬ್ಬಕ್ಕೆ ನಮ್ಮಣ್ಣ ಬತ್ತಾನೆ ಮೇಡಂ," ಎಂದಿದ್ದಳು ಅನಸೂಯ.

ಅಣ್ಣ ಚಂದ್ರಹಾಸನ ಮನೆ ಗೊಲ್ಲರಮರಡಿಯಲ್ಲೇ. ಪ್ರತಿ ಹಬ್ಬಕ್ಕೂ ಫೋನಿನಲ್ಲಿ ಅವನದು ಒಂದೇ ಮಾತು. "ಹತ್ತೊಂಬತ್ತು ಗಂಟೆ ಕಣಮ್ಮ. ಇಲ್ದಿದ್ರೆ ಬಾಗಿನ ಹಿಡ್ಕಂಡು ನಿನ್ನ ಬಾಗ್ಲಲ್ಲಿ ನಿಂತಿರ್ತಿದ್ದೆ." ಹೆತ್ತವರು ಹೋದ ಮೇಲೆ ಅವಳಿಗೆ ತವರೆಂದು ಉಳಿದವನು ಅವನೊಬ್ಬನೇ. ಆ ಮಾತನ್ನು ನಂಬಿ, ದ್ವೀಪದ ಕ್ಯಾಂಟೀನಿನಲ್ಲಿ ಎಲ್ಲರೆದುರೂ ಅಣ್ಣನನ್ನು ಹಾಡಿ ಹೊಗಳಿಕೊಂಡು ಬಂದಿದ್ದಳು.

ಮಡಿಕೆಯ ಈ ಮೊದಲ ವಿಮಾನ ಹಬ್ಬದ ದಿನವೇ ಬಂದಿತ್ತು. ಒಬ್ಬಟ್ಟು ಬೇಯಿಸಿಟ್ಟು, ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಓಡುದಾರಿಯನ್ನು ಎರಡೆರಡು ಸಲ ತಾನೇ ಹಸನು ಮಾಡಿದ್ದಳು. ಜನ ಇಳಿದರು. ಅವರಲ್ಲಿ ಅಣ್ಣನಿರಲಿಲ್ಲ. ಕೊನೆಗೆ ಗಗನಸಖಿ ಪ್ಲಾಸ್ಟಿಕ್ ಸುತ್ತಿದ ಮೊರದ ಬಾಗಿನವೊಂದನ್ನು ತಂದು ಅವಳ ಕೈಗಿಟ್ಟಳು.

ಅನಸೂಯ ಫೋನ್ ಮಾಡಿದಳು.

"ಬಾಗಿನ ಬಂತಾ? ಎಷ್ಟ್ ಬೇಗ ನೋಡು. ನಾನೇ ವಿಮಾನದ ಬಾಗ್ಲಿಗೆ ಬಂದು ಕೊಟ್ಟೆ," ಎಂದ ಚಂದ್ರಹಾಸ.

"ಸೀಟು ಸಿಗ್ಲಿಲ್ವೇನಣ್ಣ?"

"ಅರ್ಧ ವಿಮಾನ ಖಾಲಿನೇ ಹೋಯ್ತು."

"ಮತ್ತೆ ನೀನ್ಯಾಕೆ ಹತ್ತಲಿಲ್ಲ?"

ಅವನು ನಕ್ಕ. "ಈಗ ಯಾವಾಗ ಬೇಕಾದ್ರೂ ಬರಬೌದಲ್ಲಮ್ಮ. ಅವಸರ ಏನೈತೆ?"

ಅನಸೂಯ ಫೋನ್ ಇಟ್ಟಳು. ಇಷ್ಟು ವರ್ಷ ತನಗೆ ಮೋಸ ಮಾಡಿದ್ದು ದೂರವಲ್ಲ, ಅಣ್ಣ ಎಂದು ಅವಳಿಗೆ ತಿಳಿಯಿತು. ಕ್ಯಾಂಟೀನಿನವರು ಕೇಳಿದರೆ ಹೇಳಲು ಈಗ ಹತ್ತೊಂಬತ್ತು ಗಂಟೆಗಳ ನೆಪವೂ ಇರಲಿಲ್ಲ.

ಡಾ. ವಾಗ್ದೇವಿ ಸಂಭ್ರಮದಿಂದ ಬಂದರು. "ನೋಡಿದ್ಯಾ ಅನಸೂಯ, ಇನ್ನು ದೂರ ಅನ್ನೋದೇ ಇಲ್ಲ."

"ಮೇಡಂ, ಹಳೇ ವಿಮಾನ ನಿಲ್ಲಿಸಿಬಿಟ್ರಾ?"

"ಇನ್ಯಾರು ಹತ್ತುತಾರೆ ಅದನ್ನ? ಯಾಕೆ?"

"ಏನಿಲ್ಲ. ಹತ್ತೊಂಬತ್ತು ಗಂಟೆ ದೂರ ಇದ್ದಾಗ ನನಗೊಬ್ಬ ಅಣ್ಣ ಇದ್ದ."

ಅನಸೂಯ ಮರಳಿ ಹೊರಡಲಿದ್ದ ವಿಮಾನದ ಮೆಟ್ಟಿಲು ಹತ್ತಿ ಒಳಗೆ ಹೋದಳು. ಸುತ್ತಿದ ಪ್ಲಾಸ್ಟಿಕ್ ಬಿಚ್ಚದೆಯೇ ಬಾಗಿನವನ್ನು ಒಂದು ಖಾಲಿ ಸೀಟಿನಲ್ಲಿಟ್ಟು, ಬೀಳದಂತೆ ಬೆಲ್ಟ್ ಬಿಗಿದು ಇಳಿದು ಬಂದಳು. ಹನ್ನೆರಡು ನಿಮಿಷದಲ್ಲಿ ಅದು ಗೊಲ್ಲರಮರಡಿ ತಲುಪಿತು.