ನಿಧಾನದ ಭಾಗ

ಶಿವಮೊಗ್ಗದ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ತಂಗಿ ಅಮೂಲ್ಯಾ ಭದ್ರಾವತಿಯ ನಮ್ಮ ಮನೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅವಳು ಕಲಿಯುತ್ತಿದ್ದ ಪಿಯಾನೊ ಕನ್ಸರ್ಟೊದ ನಿಧಾನದ ಭಾಗವನ್ನು ನಾನು ಕೀಬೋರ್ಡಿನಲ್ಲಿ ನುಡಿಸಿದಷ್ಟು ಹೊತ್ತು ಅವಳ ಉಸಿರು ಅದರ ಲಯಕ್ಕೇ ಆಡುತ್ತಿತ್ತು.

ಬೆರಳು ಸೋತು ಒಮ್ಮೆ ಸುಲಭದ ಶ್ರುತಿಗೆ ಇಳಿಸಿದೆ. ಉಸಿರು ನಿಂತೇ ಹೋಯಿತು. ಗಾಬರಿಯಿಂದ ಮತ್ತೆ ಮೂಲ ಶ್ರುತಿಯಾದ ಎಫ್ ಶಾರ್ಪ್ ಮೈನರಿಗೆ, ಅದೇ ದುಃಖಕ್ಕೆ, ಮರಳಿದೆ; ಎದೆ ಏರಿತು.

ಮಧ್ಯಾಹ್ನ ಕರೆಂಟು ಹೋಯಿತು. ಕೀಬೋರ್ಡಿನ ದೀಪ ಆರಿತು. ನಾನು ಅವಳ ಹಾಸಿಗೆಗೆ ಓಡಿದೆ. ಪಿಯಾನೊದ ನಾದ ಮಾತ್ರ ನಿಲ್ಲಲಿಲ್ಲ. ನಿಧಾನವಾಗುತ್ತಾ ಹೋಯಿತು, ಅವಳ ಉಸಿರೂ.

ಅಡುಗೆಮನೆಯಿಂದ ಅಮ್ಮ ಅಂಗಲಾಚಿದರು: "ಅಷ್ಟು ನಿಧಾನ ಬೇಡ ಮಾರಾಯ, ಸ್ವಲ್ಪ ಬೇಗ ಬಾರ್ಸೋ!"

ನನ್ನ ಎರಡೂ ಕೈ ಅಮೂಲ್ಯಾಳ ಕೈಯನ್ನು ಹಿಡಿದಿದ್ದವು.