ನಾಲ್ಕನೆಯ ದಿನ

ಎಲೆ ಉದುರುವ ಕಾಲ, ಸಂಜೆ ಹಸು ಕರೆಯುವ ಹೊತ್ತು. ಪೆನ್ಸಿಲ್ವೇನಿಯಾದ ನಮ್ಮ ಹೊಲಗಳ ಆಚೆ ಇಂಗ್ಲೆಂಡಿನ ರಾಜನ ಸೈನ್ಯ, ಈಚೆ ನಮ್ಮ ನಾಡಿನ ಸೈನ್ಯ. ಹಾಲು ಹಿಡಿದು ಬಂದಾಗ ಬಾಗಿಲಲ್ಲಿ ಸೈಲಸ್ ನಿಂತಿದ್ದ. ರಾಜನ ಕಡೆಯವರ ಗುಪ್ತ ಬರಹ ಬಿಡಿಸುವುದು ಅವನ ಕೆಲಸ. ಮಾಳಿಗೆ ಕೋಣೆ ಕೊಡಿ ಎಂದು ನಮ್ಮ ನಾಡಿನ ಸೈನ್ಯದ ಕ್ಯಾಪ್ಟನ್ ಅವನನ್ನು ಕಳಿಸಿದ್ದ.

“ಒಳಗೆ ಬಾ, ಚಳಿ ಇದೆ,” ಅಂದೆ.

ಅವನು ಟೋಪಿ ತೆಗೆದು ನನ್ನನ್ನೇ ನೋಡಿದ. “ಮೊದಲ ಸಲಕ್ಕೇ ಏಕವಚನ. ನಮ್ಮ ಮದುವೆ ಯಾವಾಗ ಆಯ್ತು ಹೇಳಿ?”

“ನಾವು ಕ್ವೇಕರ್ ಪಂಥದವರು. ರಾಜ ಬಂದ್ರೂ ‘ನೀನು’ ಅಂತಲೇ ಅನ್ನೋದು. ಹಿಗ್ಗಬೇಡ.”

ಹಿಗ್ಗಿಯೇ ಬಿಟ್ಟ.

ಹಗಲೆಲ್ಲ ಮಾಳಿಗೆಯಲ್ಲಿ ಅಕ್ಷರಗಳನ್ನು ಮೆಲ್ಲಗೆ ಎಣಿಸುತ್ತಿದ್ದ. ರೊಟ್ಟಿ ಇಟ್ಟರೆ ರೊಟ್ಟಿ ಬಿಟ್ಟು ನನ್ನ ಮುಂಗೈ ನೋಡುತ್ತಿದ್ದ. ಆ ಎಣಿಕೆ ಈಗಲೂ ಕೇಳುತ್ತದೆ. ಮಾಳಿಗೆ ಹತ್ತಿ ಹೋದರೆ ನಿಲ್ಲುತ್ತದೆ. ಅದಕ್ಕೇ ಕೆಳಗೇ ಕೂತಿರುತ್ತೇನೆ.

ನನ್ನ ಅಣ್ಣ ಎಬ್ನರ್‌ಗೆ ಅವನು ಆಗುತ್ತಿರಲಿಲ್ಲ. ಸೈಲಸ್ ದುಡಿಯುತ್ತಿದ್ದ ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲಿಲ್ಲವೆಂದು ಅಪ್ಪನನ್ನು ಜೈಲಿಗೆ ಹಾಕಿದ್ದರು. ಅಪ್ಪ ಅಲ್ಲೇ ತೀರಿಕೊಂಡಿದ್ದ.

ಒಂದು ಮಧ್ಯಾಹ್ನ ಸೈಲಸ್ ಕೆಳಗಿಳಿದು ಬಂದ. ರಾಜನ ಸೈನ್ಯಕ್ಕೆ ಹೋಗುವ ದಾರಿಯಲ್ಲಿ ಸಿಕ್ಕಿಬಿದ್ದ ಕಾಗದವೊಂದನ್ನು ಬಿಡಿಸಿದ್ದ, ಆದರೆ ಅರ್ಥವಾಗಿರಲಿಲ್ಲ. “ನಾಲ್ಕನೆಯ ದಿನ ನಮ್ಮ ಸೈನ್ಯದ ಹಿಟ್ಟಿನ ಗಾಡಿಗಳು ಹೊಳೆ ದಾಟುತ್ತವಂತೆ. ನಾಲ್ಕನೇ ತಾರೀಕು ಕಳೆದೇ ಹೋಯ್ತಲ್ಲ, ಟೇಸಿ?”

ನಾನು ನಕ್ಕೆ. “ಅದು ಬುಧವಾರ. ವಾರದ ಹೆಸರೆಲ್ಲ ಹಳೇ ದೇವರುಗಳದು, ಅದಕ್ಕೇ ಅವನ್ನ ನಾವು ಅನ್ನಲ್ಲ. ಭಾನುವಾರದಿಂದ ಎಣಿಸ್ತೀವಿ.”

ನಗು ಅಲ್ಲೇ ನಿಂತಿತು. ಬರೆದವನು ಕ್ವೇಕರ್. ಆ ಗಾಡಿಗಳಿಗೆ ಹಿಟ್ಟು ತುಂಬುವ ಗಿರಣಿಯಲ್ಲಿ ನಮ್ಮವನೆಂದರೆ ಎಬ್ನರ್ ಒಬ್ಬನೇ. ಸಿಕ್ಕರೆ ನೇಣು.

ಸುಳ್ಳು ಹೇಳುವುದು ನಮ್ಮಲ್ಲಿಲ್ಲ. ಬರೆದವನು ಯಾರೆಂದು ಸೈಲಸ್ ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಅವನು ನನ್ನ ಮುಖ ನೋಡಿದ, ಕೇಳಲಿಲ್ಲ.

“ಗಾಡಿಗಳನ್ನ ಬೇರೆ ದಾರೀಲಿ ಕಳಿಸೋಕೆ ಹೇಳ್ತೀನಿ. ಬರೆದವನು ಯಾರೋ, ಬೇಗ ಊರು ಬಿಟ್ರೆ ಒಳ್ಳೇದು.”

“ಕ್ಯಾಪ್ಟನ್ ನಿನ್ನ ಸುಮ್ನೆ ಬಿಡ್ತಾನಾ?”

“ನನ್ನ ಚಿಂತೆ ನಿಮಗ್ಯಾಕೆ?”

“ಯಾಕೆ ಅಂದ್ರೆ? ದಿನಾ ನಿನ್ನ ರೊಟ್ಟಿಗೇ ಬೆಣ್ಣೆ ಜಾಸ್ತಿ ಹಾಕಿದ್ದು ಸುಮ್ನೇನಾ?”

“ಅದು ಗೊತ್ತಿತ್ತು,” ಅಂದ ಮೆಲ್ಲಗೆ. “ನೀನೇ ಹೇಳ್ಲಿ ಅಂತ ಕಾದಿದ್ದೆ.”

ಶಾಯಿ ಮೆತ್ತಿದ ಬೆರಳು ನನ್ನ ಕೆನ್ನೆಗೆ ತಾಗಿತು. ಆ ಕಲೆಯನ್ನು ನಾನು ತೊಳೆಯಲಿಲ್ಲ.

ಗಾಡಿಗಳು ಉಳಿದವು, ಅವನ್ನು ಹೊಡೆಯುವ ಹುಡುಗರೂ ಉಳಿದರು. ಆದರೆ ದಿನದ ಅರ್ಥ ತಿಳಿದವನಿಗೆ ಬರೆದವನೂ ತಿಳಿದಿರಬೇಕೆಂದು ಕ್ಯಾಪ್ಟನ್ ಪಟ್ಟು ಹಿಡಿದ. ಸೈಲಸ್ ಬಾಯಿ ಬಿಡಲಿಲ್ಲ. ದ್ರೋಹಿ ಎಂದು ಅವನ ಕೈ ಕಟ್ಟಿದರು. ಎಬ್ನರ್ ಹೆಸರು ಹೇಳಿಬಿಡೋಣವೆಂದು ಅಂಗಳಕ್ಕಿಳಿದೆ. ಅವನು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದ. ನಾನು ಎಚ್ಚರಿಸಿದ್ದ ಎಬ್ನರ್ ಇನ್ನೂ ಎಲ್ಲೋ ಅಡಗಿದ್ದ, ಸೈನ್ಯದ ಕಾವಲು ದಾಟಿರಲಿಲ್ಲ. ನಾನು ಅಲ್ಲೇ ನಿಂತೆ.

ಎಬ್ನರ್ ಮನೆ ಬಿಟ್ಟದ್ದು ಗಾಡಿಗಳು ಹೊರಡುವ ಹಿಂದಿನ ದಿನ. ಸೈಲಸ್‌ನನ್ನು ನೇಣಿಗೆ ಕರೆದೊಯ್ದದ್ದು ಮೊದಲ ಹಿಮ ಬಿದ್ದ ದಿನ, ಬೆಳಿಗ್ಗೆ.