ಶ್ರದ್ಧಾಂಜಲಿ ಪೋಸ್ಟರಿಗೆ ಮುನಿಯುವ ಮೌಸ್

ಮೌಸ್ ಮತ್ತೆ ಕೈಕೊಟ್ಟಿತು. ಅಂಪೋಫೊನ ಎದೆ ಧಸಕ್ಕೆಂದಿತು—ಸೆರ್ವಾ ಈಗ ಅಂಗಡಿಯಲ್ಲೇ ಇರಲಿಲ್ಲ!

ಕುಮಾಸಿ ನಗರದ ಅವನ ಮುದ್ರಣದಂಗಡಿಯಲ್ಲಿ ಶ್ರದ್ಧಾಂಜಲಿ ಪೋಸ್ಟರ್ ಮಾಡುತ್ತಿದ್ದವಳು ಸೆರ್ವಾ. ವೈರಿಲ್ಲದ ಮೌಸನ್ನು ಜೋಡಿಸಲು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ ಹಳೇ ಬ್ಲೂಟೂತ್ ಅಡಾಪ್ಟರನ್ನು ಅವಳು ಕೀಳುತ್ತಿದ್ದುದನ್ನು ಅವನು ನಿನ್ನೆ ಕಣ್ಣಾರೆ ಕಂಡಿದ್ದ. ಬೇಕೆಂದೇ ಕೆಲಸ ಕೆಡಿಸುತ್ತೀಯಾ ಎಂದು ಗಿರಾಕಿಗಳೆದುರೇ ಕೂಗಾಡಿ, ಬಾಯಿ ತೆರೆಯಲೂ ಬಿಡದೆ, ಕೆಲಸದಿಂದ ತೆಗೆದಿದ್ದ. ಆ ಗಿರಾಕಿಗಳು, ತೀರಿಕೊಂಡ ಹಿರಿಯರೊಬ್ಬರ ಮಕ್ಕಳು, ಇಂದೂ ಶೋಕದ ಕೆಂಪು-ಕಪ್ಪು ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತು, ಪೋಸ್ಟರಿನಲ್ಲಿ ಯಾರ ಹೆಸರು ಮೊದಲು ಎಂದು ಕಚ್ಚಾಡುತ್ತಿದ್ದರು.

ಅವನು ಕರೆಸಿದ ರಿಪೇರಿಯ ಕೊನಾಡು ಬಂದಳು; ನಿನ್ನೆಯ ಗಲಾಟೆ ಅವಳ ಕಿವಿಗೂ ಬಿದ್ದಿತ್ತು. ಮೌಸ್ ಮುಟ್ಟಲಿಲ್ಲ—ಪ್ರಶ್ನೆ ಶುರುಮಾಡಿದಳು.

“ಮದುವೆ ಕಾರ್ಡ್ ಮಾಡುವಾಗ್ಲೂ ಹೀಗಾಗುತ್ತಾ?”

“ಇಲ್ಲ. ಬರೀ ಸಾವಿನ ಪೋಸ್ಟರಿಗೆ.”

“ಸತ್ತೋರಿಗೆ ಮೌಸ್ ಕಂಡ್ರೆ ಆಗಲ್ವಾ, ಅಣ್ಣ?”

“ನಮ್ಮಪ್ಪಂಗೆ ಕಂಪ್ಯೂಟರೇ ಗೊತ್ತಿರ್ಲಿಲ್ಲ,” ಎಂದಿತು ಬೆಂಚು.

“ಅಡಾಪ್ಟರ್ ಕಿತ್ತು ಮತ್ತೆ ಸಿಕ್ಕಿಸಿದ್ರೆ?”

“ಸರಿಹೋಗುತ್ತೆ…” ಹೇಳುತ್ತಲೇ ಅಂಪೋಫೊನ ದನಿ ಇಳಿಯಿತು.

ಕೊನಾಡು ಮೂಲೆಯ ಇನ್ವರ್ಟರ್ ನೋಡಿದಳು. “ಕರೆಂಟ್ ಹೋಗೋಕೆ ಶುರುವಾದ್ಮೇಲೆ ಈ ಕಂಪ್ಯೂಟರ್ ನಡೆಸೋ ಲಿನಕ್ಸಲ್ಲಿ ಯಾರೇನು ಬದಲಾಯಿಸಿದ್ರು?”

“ನಾನೇ. ಬ್ಯಾಟರಿ ಉಳೀಲಿ ಅಂತ, ಸುಮ್ನೆ ಇರೋದೆಲ್ಲ ಮಲಗೋ ಹಾಗೆ ಮಾಡ್ದೆ.”

“ಅಲ್ಲೇ ಇದೆ ನೋಡಿ. ಮದುವೆ ಕಾರ್ಡಲ್ಲಿ ಕೈ ನಿಲ್ಲಲ್ಲ. ಇಲ್ಲಿ ಇವರ ಜಗಳ ಮುಗಿಯೋವರೆಗೂ ಮೌಸ್ ಸುಮ್ನೆ ಬಿದ್ದಿರುತ್ತೆ. ಅಷ್ಟರಲ್ಲಿ ಲಿನಕ್ಸ್ ಅಡಾಪ್ಟರನ್ನ ಮಲಗಿಸಿಬಿಡುತ್ತೆ. ಹೊಸದಾಗಿದ್ರೆ ಮೌಸ್ ಅಲುಗಿದ ಕೂಡ್ಲೇ ಏಳ್ತಿತ್ತು. ಇದು ಹಳೇದು—ಕಿತ್ತು ಸಿಕ್ಕಿಸದೆ ಏಳಲ್ಲ. ಸೆರ್ವಾ ಕೆಡಿಸ್ತಿರ್ಲಿಲ್ಲ, ಎಬ್ಬಿಸ್ತಿದ್ಲು. ಕೆಡಿಸಿದ್ದು ನೀವು.”

ಅಡಾಪ್ಟರನ್ನು ಕಿತ್ತು ಸಿಕ್ಕಿಸಿ, ಇನ್ನು ಅದನ್ನು ಮಲಗಿಸಬೇಡವೆಂದು ಕೊನಾಡು ಲಿನಕ್ಸಿಗೆ ತಿಳಿಸಿದಳು. ಬೆಂಚಿನ ಜಗಳ ಮುಗಿಯುವವರೆಗೂ ಕಾದು, ಮೌಸ್ ಅಲುಗಿಸಿದಳು. ಪರದೆಯ ಮೇಲೆ ಬಾಣ ಓಡಿತು.

ಅಂಪೋಫೊ ಮಾತ್ರ ತಲೆಯೆತ್ತಲಿಲ್ಲ. ನಿನ್ನೆ ಅಷ್ಟಕ್ಕೇ ಬಿಟ್ಟಿದ್ದನೇ? ಪಕ್ಕದ ಬೀದಿಯ ಅಂಗಡಿಗೂ ಫೋನ್ ಮಾಡಿ, ಅವಳನ್ನು ಸೇರಿಸಿಕೊಳ್ಳಬೇಡಿ ಎಂದಿದ್ದ. ಅವಳ ತುತ್ತಿಗೇ ಕಲ್ಲು ಹಾಕಿದ್ದ.

ಬೆಂಚಿಗೆ ಬೆನ್ನು ಮಾಡಿ, ಸೆರ್ವಾಗೆ ಫೋನ್ ಮಾಡಿದ.

“ತಪ್ಪಾಯ್ತು ಕಣಮ್ಮ. ವಾಪಸ್ ಬಾ,” ಎಂದು ಪಿಸುಗುಟ್ಟಿದ.

“ನಿನ್ನೆ ಪಿಸುಗುಟ್ಟಿದ್ರಾ, ಯಜಮಾನ್ರೇ?”

ಅಂಪೋಫೊ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಬೆಂಚಿನ ಕಡೆ ತಿರುಗಿ ನಿಂತ.

“ಎಲ್ರೂ ಒಂದ್ನಿಮಿಷ ಕೇಳಿ,” ಎಂದ. “ನಿನ್ನೆ ನಾನು ಸೆರ್ವಾ ಮೇಲೆ ಹೊರಿಸಿದ್ದೆಲ್ಲ ಸುಳ್ಳು. ಕೆಡಿಸಿದವನು ನಾನು.”